ಹಿತ್ತಾಳೆಯ ಸ್ಮಾರಕ ಫಲಕ: ಒಕ್ಕಣೆಯಿಂದ ಗೋಡೆಯವರೆಗೆ

ಕಟ್ಟಡ ಮುಗಿದು, ಬಣ್ಣ ಒಣಗಿ, ಉದ್ಘಾಟನೆಗೆ ಇನ್ನೇನು ಹತ್ತು ದಿನ ಇದೆ ಅನ್ನುವಾಗ ಯಾರಿಗೋ ನೆನಪಾಗುತ್ತದೆ: ಫಲಕ ಮಾಡಿಸಿಲ್ಲ. ಅಲ್ಲಿಂದಾಚೆಗೆ ಎಲ್ಲವೂ ಅವಸರ. ಹೆಸರುಗಳನ್ನು ಫೋನಿನಲ್ಲಿ ಹೇಳಿ ಬರೆಸುತ್ತಾರೆ, ಅಂಗಡಿಯಲ್ಲಿ ಸಿಕ್ಕ ತಗಡಿನ ಮೇಲೆ ಕೆತ್ತಿಸುತ್ತಾರೆ, ಬೆಳಗ್ಗೆ ಗೋಡೆಗೆ ಬಡಿದು ಸಂಜೆ ಪರದೆ ಸರಿಸುತ್ತಾರೆ. ವರ್ಷಗಟ್ಟಲೆ ದುಡಿದು ಎಬ್ಬಿಸಿದ ಕಟ್ಟಡದ ಕತೆಯನ್ನು ಮುಂದಿನವರಿಗೆ ಹೇಳುವುದು ಬಹಳ ಸಲ ಆ ಫಲಕವೊಂದೇ. ಹಿತ್ತಾಳೆ ಸುಲಭಕ್ಕೆ ಸಾಯುವ ಲೋಹವಲ್ಲ, ಅದರ ಮೇಲೆ ಬರೆದದ್ದೂ ಹಾಗೆಯೇ. ಸರಿ ಬರೆದರೆ ಸರಿ ಉಳಿಯುತ್ತದೆ, ತಪ್ಪು ಬರೆದರೆ ತಪ್ಪೂ ಅಷ್ಟೇ ಗಟ್ಟಿಯಾಗಿ ಉಳಿಯುತ್ತದೆ. ಶಾಲೆ, ಗ್ರಂಥಾಲಯ, ಕಾಲುಸೇತುವೆ, ಉದ್ಯಾನ, ಸಮುದಾಯ ಭವನ, ಯಾವುದಕ್ಕೇ ಫಲಕ ಮಾಡಿಸುವುದಿದ್ದರೂ ಮೂರು ತಿಂಗಳು ಮೊದಲೇ ಕೈ ಹಚ್ಚಿ. ಕೆತ್ತುವ ಕೆಲಸಕ್ಕೆ ಅಷ್ಟು ದಿನ ಬೇಡ. ಅದಕ್ಕೆ ಮೊದಲಿನ ಕೆಲಸಕ್ಕೆ ಬೇಕು.

ಗೋಡೆ, ಅನುಮತಿ, ಹೊಣೆ

ಮೊದಲು ಗೋಡೆಯ ಮುಂದೆ ಹೋಗಿ ನಿಲ್ಲಿ. ಓದುವವರು ಎಷ್ಟು ದೂರದಲ್ಲಿ ನಿಲ್ಲುತ್ತಾರೆ? ಬಿಸಿಲು ನೇರ ಬೀಳುತ್ತದೆಯೇ? ಮೇಲಿನ ಸಜ್ಜಾದಿಂದ ಮಳೆನೀರು ಅದೇ ಜಾಗಕ್ಕೆ ಸುರಿಯುತ್ತದೆಯೇ? ಬಾಗಿಲು ತೆರೆದಿಟ್ಟಾಗ ಫಲಕ ಅದರ ಹಿಂದೆ ಮರೆಯಾಗುತ್ತದೆಯೇ? ಫಲಕದ ಅಳತೆ, ದಪ್ಪ, ಅಕ್ಷರದ ಗಾತ್ರ ಎಲ್ಲವನ್ನೂ ಈ ಉತ್ತರಗಳೇ ತೀರ್ಮಾನಿಸುತ್ತವೆ. ಮೊದಲು ಫಲಕ ಮಾಡಿಸಿ ಆಮೇಲೆ ಜಾಗ ಹುಡುಕಿದರೆ ಅದು ಸಾಮಾನ್ಯವಾಗಿ ಯಾರೂ ನಿಂತು ಓದದ ಮೂಲೆಗೆ ಸೇರುತ್ತದೆ.

ಗೋಡೆ ಯಾರದೋ ಅವರಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಸಂರಕ್ಷಿತ ಪಟ್ಟಿಯಲ್ಲಿರುವ ಹಳೆಯ ಕಟ್ಟಡವಾದರೆ ಆ ಕಟ್ಟಡದ ಉಸ್ತುವಾರಿ ನೋಡುವ ಸಂಸ್ಥೆಯ ಅನುಮತಿಯೂ ಬೇಕು. ಒಂದೇ ಒಂದು ತೂತು ಕೊರೆಯುವುದಕ್ಕೂ ಅಷ್ಟೇ.

ಇನ್ನು ಹೊಣೆ. ಸಮಿತಿಯಲ್ಲಿ ಹನ್ನೆರಡು ಜನ ಇರಬಹುದು, ಆದರೆ ಒಕ್ಕಣೆಯ ಹೊಣೆ ಒಬ್ಬರ ಕೈಯಲ್ಲಿರಲಿ. ಉಳಿದವರು ಸಲಹೆ ಕೊಡಲಿ, ಇಬ್ಬರು ಪರಿಶೀಲಿಸಲಿ. ಹನ್ನೆರಡು ಜನರೂ ಒಂದೊಂದು ಪದ ಸೇರಿಸಿದ ಫಲಕವನ್ನು ಯಾರೂ ಕೊನೆಯವರೆಗೆ ಓದುವುದಿಲ್ಲ.

ಒಕ್ಕಣೆ

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಲೋಹವನ್ನು ಕುಶಲಿಗಳು ನೋಡಿಕೊಳ್ಳುತ್ತಾರೆ, ಮಾತು ಮಾತ್ರ ನೀವೇ ಕೊಡಬೇಕು.

ಐವತ್ತು ವರ್ಷದ ನಂತರ ಈ ಗೋಡೆಯ ಮುಂದೆ ಒಬ್ಬ ಅಪರಿಚಿತರು ನಿಂತಿದ್ದಾರೆ ಎಂದುಕೊಳ್ಳಿ. ಅವರಿಗೆ ನಿಮ್ಮ ಸಮಿತಿಯ ಹೆಸರು ಗೊತ್ತಿಲ್ಲ, ಈಗಿನ ಅಧಿಕಾರಿಗಳ ಹೆಸರು ಗೊತ್ತಿಲ್ಲ, ಕಟ್ಟಡಕ್ಕೆ ಮೊದಲು ಇಲ್ಲಿ ಏನಿತ್ತೆಂದೂ ಗೊತ್ತಿಲ್ಲ. ಅವರು ಕೇಳುವ ಪ್ರಶ್ನೆಗಳು ನಾಲ್ಕು: ಇದು ಏನು, ಯಾವಾಗ ಆಯಿತು, ಯಾರು ಮಾಡಿದರು, ಏಕೆ ಮಾಡಿದರು. ಈ ನಾಲ್ಕಕ್ಕೆ ಉತ್ತರ ಕೊಟ್ಟ ಮೇಲೆ ಜಾಗ ಉಳಿದರೆ ಮಾತ್ರ ಬೇರೆ ಮಾತು. ಬಹಳಷ್ಟು ಫಲಕಗಳಲ್ಲಿ ಐದನೆಯ ಪ್ರಶ್ನೆಯೊಂದಕ್ಕೇ ಉತ್ತರ ಇರುತ್ತದೆ: ಪರದೆ ಸರಿಸಿದವರು ಯಾರು? ಆ ಹೆಸರು ಇರಲಿ, ತಪ್ಪಿಲ್ಲ. ಆದರೆ ಅದು ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿದ್ದು ಕಟ್ಟಿದವರ ಹೆಸರೇ ಇಲ್ಲದಿದ್ದರೆ ಆ ಫಲಕ ಅರ್ಧ ಗಂಟೆಯ ಸಮಾರಂಭದ ನೆನಪಾಗುತ್ತದೆಯೇ ಹೊರತು ಕಟ್ಟಡದ ನೆನಪಾಗುವುದಿಲ್ಲ.

ಕಡಿಮೆ ಮಾತಿನಲ್ಲಿ ಎಷ್ಟು ಹೇಳಬಹುದು ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಮಾದರಿ ಜರ್ಮನಿಯ ಕಲಾವಿದ ಗುಂಟರ್ ಡೆಮ್ನಿಗ್ 1992ರಲ್ಲಿ ಆರಂಭಿಸಿದ ಸ್ಟೋಲ್ಪರ್‌ಸ್ಟೈನ್ ಫಲಕಗಳು. ನಾಜಿಗಳ ಹಿಂಸೆಗೆ ಬಲಿಯಾದವರು ಕೊನೆಯದಾಗಿ ತಾವಾಗಿ ಆರಿಸಿಕೊಂಡು ವಾಸವಿದ್ದ ಮನೆಯ ಮುಂದಿನ ಕಾಲುದಾರಿಯಲ್ಲಿ, 10 ಸೆಂ.ಮೀ. ಕಾಂಕ್ರೀಟ್ ಘನದ ತಲೆಯ ಮೇಲೆ ಒಂದು ಪುಟ್ಟ ಹಿತ್ತಾಳೆ ತಗಡು. ‘ಇಲ್ಲಿ ವಾಸವಿದ್ದರು’ ಎಂಬ ಸಾಲು, ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಒಯ್ದರು, ಏನಾಯಿತು. ಅಷ್ಟೇ. ಅಕ್ಷರಗಳನ್ನು ಒಂದೊಂದಾಗಿ ಕೈಯಿಂದ ಅಚ್ಚೊತ್ತುತ್ತಾರೆ. ಯೂರೋಪಿನ ಊರೂರುಗಳಲ್ಲಿ ಇಂಥವು 2023ರ ಹೊತ್ತಿಗೆ ಒಂದು ಲಕ್ಷ ತಲುಪಿದವು. ಒಂದರಲ್ಲೂ ಗುಣವಾಚಕಗಳ ಸಾಲಿಲ್ಲ, ಆದರೂ ಓದಿದವರು ಅಲ್ಲಿಯೇ ನಿಂತುಬಿಡುತ್ತಾರೆ.

ನಿಮ್ಮ ಒಕ್ಕಣೆ ಹೀಗಿರಬಹುದು:

‘ಈ ಕಾಲುಸೇತುವೆಯನ್ನು ಹೊಳೆಯ ಎರಡೂ ದಡದ ನಿವಾಸಿಗಳು ಹಣ ಕೂಡಿಸಿ, ಶ್ರಮ ಸೇರಿಸಿ ಕಟ್ಟಿದರು. ಮಕ್ಕಳು ಮಳೆಗಾಲದಲ್ಲೂ ಶಾಲೆಗೆ ಹೋಗುವಂತಾಗಲಿ ಎಂಬುದು ಅವರ ಉದ್ದೇಶ. ಕೆಲಸ ಆರಂಭ: ಮಾರ್ಚ್ 2021. ಸಂಚಾರಕ್ಕೆ ತೆರೆದದ್ದು: ಜನವರಿ 2023.’ ಇದರ ಕೆಳಗೆ ವಿನ್ಯಾಸ ಮಾಡಿದವರು, ಕಲ್ಲುಕೆಲಸದವರು, ಬಡಗಿಗಳು, ಕಮ್ಮಾರರು, ಒಬ್ಬೊಬ್ಬರ ಹೆಸರು.

ಇಷ್ಟಕ್ಕೆ ಬೇಕಾದದ್ದು ಇಪ್ಪತ್ತೈದು ಪದಗಳಿಗಿಂತ ಸ್ವಲ್ಪ ಹೆಚ್ಚು. ಹೆಸರುಗಳನ್ನು ಬಿಟ್ಟು ಅರವತ್ತು ಪದ ದಾಟಿತೆಂದರೆ ಮತ್ತೆ ಕೂತು ಕಡಿಮೆ ಮಾಡಿ. ಬಿರುದು ಬಾವಲಿಗಳು ಮೊದಲು ಹೋಗಲಿ. ‘ಭವ್ಯ’, ‘ಸುಂದರ’, ‘ಐತಿಹಾಸಿಕ’ ಆಮೇಲೆ ಹೋಗಲಿ. ಭವ್ಯವಾಗಿದ್ದರೆ ನೋಡುವವರಿಗೆ ಕಾಣುತ್ತದೆ. ‘ಇತ್ತೀಚೆಗೆ’, ‘ಪ್ರಸ್ತುತ’, ‘ನೂತನ’, ‘ಕಳೆದ ವರ್ಷ’ ಇಂಥ ಪದಗಳು ಬೇಡವೇ ಬೇಡ, ಹತ್ತು ವರ್ಷ ಕಳೆದ ಮೇಲೆ ಅವು ಸುಳ್ಳಾಗುತ್ತವೆ. ವರ್ಷವನ್ನು ನಾಲ್ಕೂ ಅಂಕಿಯಲ್ಲಿ ಬರೆಯಿರಿ, ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 3/4 ಎಂದು ಕೆತ್ತಿದರೆ ಮಾರ್ಚ್ ನಾಲ್ಕೋ ಏಪ್ರಿಲ್ ಮೂರೋ ಎಂದು ಮುಂದಿನವರು ತಲೆ ಕೆಡಿಸಿಕೊಳ್ಳಬೇಕು. ಅಡಿಗಲ್ಲಿಟ್ಟ ದಿನ, ಕೆಲಸ ಮುಗಿದ ದಿನ, ಉದ್ಘಾಟನೆಯ ದಿನ ಮೂರೂ ಬೇರೆ ಬೇರೆ. ನೀವು ಕೊಡುತ್ತಿರುವುದು ಯಾವುದೆಂದು ಫಲಕವೇ ಹೇಳಬೇಕು.

ಹೆಸರುಗಳು

ಪ್ರತಿಯೊಬ್ಬರಿಂದಲೂ ಅವರ ಹೆಸರನ್ನು ಅವರ ಕೈಯಲ್ಲೇ ಬರೆಸಿಕೊಳ್ಳಿ, ಫಲಕ ಯಾವ ಲಿಪಿಯಲ್ಲಿರುತ್ತದೋ ಅದೇ ಲಿಪಿಯಲ್ಲಿ. ಇನ್‌ಶಿಯಲ್ ಮೊದಲೋ ಕೊನೆಗೋ, ಚುಕ್ಕಿ ಬೇಕೋ ಬೇಡವೋ, ಮನೆತನದ ಹೆಸರು ಸೇರಬೇಕೋ, ಅವರು ಹೇಳಿದ್ದೇ ಅಂತಿಮ. ತೀರಿಹೋದವರ ಹೆಸರಾದರೆ ಮನೆಯವರಿಂದ ಬರೆಸಿಕೊಳ್ಳಿ, ಹುಟ್ಟಿದ ಮತ್ತು ತೀರಿಕೊಂಡ ವರ್ಷಗಳನ್ನು ದಾಖಲೆಯೊಡನೆ ಹೋಲಿಸಿ. ಹೆಸರು ಹಾಕುವುದು ಬೇಡ ಅನ್ನುವವರೂ ಇರುತ್ತಾರೆ. ಅವರನ್ನು ಒತ್ತಾಯಿಸಬೇಡಿ.

ದಾನಿಗಳ ಹೆಸರುಗಳನ್ನು ಮೊತ್ತದ ಕ್ರಮದಲ್ಲಿ ಜೋಡಿಸುವುದಕ್ಕಿಂತ ಅಕಾರಾದಿಯಲ್ಲಿ ಜೋಡಿಸುವುದು ಮೇಲು. ಮೊತ್ತದ ಕ್ರಮಕ್ಕೆ ಹೋದರೆ ಮನಸ್ತಾಪ ತಪ್ಪುವುದಿಲ್ಲ, ಮೇಲಾಗಿ ಕಾಲ ಕಳೆದಂತೆ ಆ ಮೊತ್ತಗಳಿಗೆ ಅರ್ಥವೂ ಉಳಿಯುವುದಿಲ್ಲ. ಹೆಸರುಗಳು ನೂರು ದಾಟಿದರೆ ಒಂದೇ ಫಲಕದಲ್ಲಿ ಇರುಕಬೇಡಿ. ಮುಖ್ಯ ಫಲಕ ಒಂದಿರಲಿ, ಹೆಸರುಗಳಿಗೆ ಪಕ್ಕದಲ್ಲಿ ಬೇರೆ ಫಲಕವಿರಲಿ; ಇಲ್ಲವೇ ಕಟ್ಟಡದ ಒಳಗೆ ಒಂದು ಹೆಸರಿನ ಪುಸ್ತಕವಿಟ್ಟು ಅದು ಇದೆಯೆಂದು ಫಲಕದಲ್ಲಿ ಒಂದು ಸಾಲು ಬರೆಯಿರಿ. ಕ್ಯೂಆರ್ ಕೋಡ್ ಕೆತ್ತಿಸುವ ಆಸೆ ಈಗ ಹಲವರಿಗೆ. ಅದು ತೋರಿಸುವ ಜಾಲತಾಣದ ಆಯಸ್ಸು ಹಿತ್ತಾಳೆಯದಕ್ಕಿಂತ ಬಹಳ ಕಡಿಮೆ. ಬೇಕೇ ಬೇಕೆಂದರೆ ಬಿಚ್ಚಿ ಬದಲಾಯಿಸಬಹುದಾದ ಬೇರೆ ಪುಟ್ಟ ತಗಡಿನ ಮೇಲೆ ಹಾಕಿಸಿ.

ಫಲಕದ ಮೇಲಿರುವುದನ್ನು ಜನ ಪ್ರಶ್ನಿಸದೆ ನಂಬುತ್ತಾರೆ, ಆದ್ದರಿಂದಲೇ ಈ ಎಚ್ಚರ. 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಹಿತ್ತಾಳೆ ತಗಡು ಸಿಕ್ಕಿತು. ನಾವಿಕ ಫ್ರಾನ್ಸಿಸ್ ಡ್ರೇಕ್ 1579ರಲ್ಲಿ ಬಿಟ್ಟುಹೋದದ್ದೆಂದು ಅದರ ಮೇಲಿನ ಬರಹ ಹೇಳುತ್ತಿತ್ತು, ವಿದ್ವಾಂಸರೂ ಒಪ್ಪಿದರು, ಪ್ರದರ್ಶನಕ್ಕೂ ಇಟ್ಟರು. 1970ರ ದಶಕದಲ್ಲಿ ಲೋಹವನ್ನು ಪರೀಕ್ಷೆಗೆ ಒಡ್ಡಿದಾಗ ಅದು ಆಧುನಿಕ ಕಾಲದಲ್ಲಿ ತಯಾರಾದ ಹಿತ್ತಾಳೆಯೆಂದು ತಿಳಿದುಬಂತು. ಒಂದು ತಗಡಿನ ಮಾತನ್ನು ದಶಕಗಟ್ಟಲೆ ಜನ ನಂಬಿದ್ದರು. ನಿಮ್ಮ ಫಲಕದ ಮಾತನ್ನೂ ನಂಬುತ್ತಾರೆ.

ಲೋಹ ಮತ್ತು ದಪ್ಪ

ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಕೆತ್ತನೆಗೆಂದೇ ಮಾರುವ ಹಿತ್ತಾಳೆಯಲ್ಲಿ ನೂರಕ್ಕೆ ಎರಡರಷ್ಟು ಸೀಸ ಸೇರಿರುತ್ತದೆ, ಅದರಿಂದ ಉಳಿಗೆ ಅಂಚು ಚೂಪಾಗಿ ಬರುತ್ತದೆ. ತಾಮ್ರಕ್ಕೆ ತವರ ಸೇರಿಸಿದ ಕಂಚು ಇದಕ್ಕಿಂತ ಗಡಸು, ಸಮುದ್ರದ ಗಾಳಿಗೂ ಚೆನ್ನಾಗಿ ತಡೆಯುತ್ತದೆ. ಕಡಲತೀರದಲ್ಲಿ ಬಯಲಿಗೆ ಹಾಕುವ ಫಲಕಕ್ಕೆ ನಾನು ಕಂಚನ್ನೇ ಹೇಳುವೆ. ಉಪ್ಪಿನಂಶವಿರುವ ತೇವದಲ್ಲಿ ಹಿತ್ತಾಳೆಯೊಳಗಿನ ಸತು ಕರಗಿಹೋಗಿ ಮೇಲ್ಮೈ ಕೆಂಪಗೆ, ಟೊಳ್ಳಾಗುವುದುಂಟು.

ಹಿತ್ತಾಳೆ ಬಣ್ಣದ್ದೆಲ್ಲ ಹಿತ್ತಾಳೆಯಲ್ಲ. ಒಂದು ಅಯಸ್ಕಾಂತ ಕೈಯಲ್ಲಿರಲಿ: ಅಂಟಿಕೊಂಡರೆ ಅದು ಮೇಲೆ ಹಿತ್ತಾಳೆಯ ಲೇಪವಿರುವ ಉಕ್ಕು. ಅಂಟದಿದ್ದರೂ ಎತ್ತಿದಾಗ ಹಗುರವೆನಿಸಿದರೆ ಬಣ್ಣ ಹಾಕಿದ ಅಲ್ಯೂಮಿನಿಯಂ ಇರಬಹುದು. ಅದರ ತೂಕ ಹಿತ್ತಾಳೆಯ ಮೂರನೆಯ ಒಂದು ಭಾಗ.

ಒಳಾಂಗಣದ ಸಣ್ಣ ಫಲಕಕ್ಕೆ 1.5 ಮಿ.ಮೀ. ದಪ್ಪ ಸಾಕು. ಹೊರಗೆ ಹಾಕುವುದಾದರೆ 3 ಮಿ.ಮೀ.ಗಿಂತ ಕಡಿಮೆ ಬೇಡ, ತೆಳು ತಗಡು ಬಿಸಿಲಿಗೆ ಉಬ್ಬಿ ಡೊಂಕಾಗುತ್ತದೆ. ಎರಡಡಿ ದಾಟಿದ ಫಲಕಕ್ಕೆ 5 ಮಿ.ಮೀ. ಕೇಳಿ. ತೂಕವನ್ನೂ ಮೊದಲೇ ಲೆಕ್ಕ ಹಾಕಿ: ಒಂದು ಘನ ಸೆಂಟಿಮೀಟರ್ ಹಿತ್ತಾಳೆ ಸುಮಾರು 8.5 ಗ್ರಾಂ ತೂಗುತ್ತದೆ. 450 × 300 ಮಿ.ಮೀ. ಅಳತೆಯ, 3 ಮಿ.ಮೀ. ದಪ್ಪದ ಫಲಕ ಮೂರೂವರೆ ಕಿಲೋ ಹತ್ತಿರ ಬರುತ್ತದೆ. 600 × 400 ಅಳತೆಯದು 5 ಮಿ.ಮೀ. ದಪ್ಪವಾದರೆ ಹತ್ತು ಕಿಲೋ. ಗೋಡೆಗೆ ಯಾವ ಹಿಡಿಕೆ ಬೇಕೆಂಬುದು ಇದರ ಮೇಲೆ ನಿಂತಿದೆ.

ಕೆತ್ತುವ ಬಗೆ

ಕೈ ಉಳಿಯ ಕೆತ್ತನೆ ಎಲ್ಲಕ್ಕಿಂತ ಚೆಂದ, ಎಲ್ಲಕ್ಕಿಂತ ನಿಧಾನ. ಸಣ್ಣ ಒಕ್ಕಣೆಗೆ ಒಳ್ಳೆಯ ಕುಶಲಿ ಸಿಕ್ಕರೆ ಎರಡನೆಯ ಯೋಚನೆ ಬೇಡ. ಹೆಚ್ಚಿನ ಫಲಕಗಳು ಇಂದು ತಯಾರಾಗುವುದು ಕಂಪ್ಯೂಟರ್ ನಡೆಸುವ ತಿರುಗು ಉಳಿಯ ಯಂತ್ರದಲ್ಲಿ. ಇದು ಆಳವಾಗಿ, ಒಂದೇ ಸಮನಾಗಿ ಕೊರೆಯುತ್ತದೆ. ಉಳಿ ದುಂಡಗೆ ತಿರುಗುವುದರಿಂದ ಅಕ್ಷರದ ಒಳಮೂಲೆಗಳು ಸ್ವಲ್ಪ ಉರುಟಾಗುತ್ತವೆ, ಕನ್ನಡದ ದುಂಡು ಅಕ್ಷರಕ್ಕೆ ಅದೇನೂ ಕೊರತೆಯಲ್ಲ.

ಎಚ್ಚಿಂಗ್‌ನಲ್ಲಿ ಬೇಡದ ಭಾಗವನ್ನು ಮುಚ್ಚಿ, ಉಳಿದದ್ದನ್ನು ಫೆರಿಕ್ ಕ್ಲೋರೈಡ್ ದ್ರಾವಣದಿಂದ ತಿನ್ನಿಸುತ್ತಾರೆ. ರೇಖಾಚಿತ್ರ, ಲಾಂಛನ, ಕಟ್ಟಡದ ನಕ್ಷೆ ಇರುವ ಫಲಕಕ್ಕೆ ಇದೇ ಸರಿ. ಆದರೆ ದ್ರಾವಣ ಕೆಳಗೆ ಇಳಿಯುತ್ತಾ ಪಕ್ಕಕ್ಕೂ ತಿನ್ನುತ್ತದೆ, ಹಾಗಾಗಿ ಕೊರೆದ ಗೆರೆಗಳು ತುಸು ದಪ್ಪಗಾಗುತ್ತವೆ, ಅಕ್ಷರದೊಳಗಿನ ಚಿಕ್ಕ ಖಾಲಿ ಜಾಗಗಳು ಕೂಡಿಕೊಳ್ಳಬಹುದು. ಇನ್ನು ಲೇಸರ್. ಮರ, ಪ್ಲಾಸ್ಟಿಕ್ ಕೊರೆಯುವ ಕಾರ್ಬನ್ ಡೈಆಕ್ಸೈಡ್ ಲೇಸರಿನ ಬೆಳಕನ್ನು ಹಿತ್ತಾಳೆ ಹಿಂದಕ್ಕೆ ಎಸೆಯುತ್ತದೆ; ಅದರಲ್ಲಿ ಆಗುವುದು ಮೇಲ್ಮೈಗೆ ಬಳಿದ ರಾಸಾಯನಿಕವನ್ನು ಸುಟ್ಟು ಅಂಟಿಸಿದ ಗುರುತು ಮಾತ್ರ. ಫೈಬರ್ ಲೇಸರ್ ಲೋಹವನ್ನೇ ಕೊರೆಯಬಲ್ಲದು, ಆದರೆ ಆಳ ಬರಬೇಕಾದರೆ ಮತ್ತೆ ಮತ್ತೆ ಓಡಿಸಬೇಕು, ಆತುರದ ಅಂಗಡಿಯಲ್ಲಿ ಯಾರೂ ಓಡಿಸುವುದಿಲ್ಲ. ಅಕ್ಷರ ಉಬ್ಬಿ ನಿಲ್ಲಬೇಕೆಂದರೆ ಎರಕ ಹೊಯ್ಯಿಸಬೇಕು. ಅದು ದಪ್ಪ, ಭಾರ, ದುಬಾರಿ.

ಯಾವ ಬಗೆಯಾದರೂ ಕೇಳಬೇಕಾದ ಒಂದೇ ಪ್ರಶ್ನೆ: ಆಳ ಎಷ್ಟು? ಹೊರಗಿನ ಫಲಕಕ್ಕೆ ಅರ್ಧ ಮಿಲಿಮೀಟರಿಗಿಂತ ಕಡಿಮೆ ಒಪ್ಪಬೇಡಿ. ಯೂರೋಪಿನ ಹಳೆಯ ಚರ್ಚುಗಳ ನೆಲದಲ್ಲಿ 13ನೆಯ ಶತಮಾನದಿಂದೀಚೆಗೆ ಕೂರಿಸಿದ ಹಿತ್ತಾಳೆ ಸ್ಮಾರಕಗಳಿವೆ. ಕಾಲು ತಾಗುವ ಜಾಗದಲ್ಲಿ ಗೆರೆಗಳು ಸವೆದು ಮಾಯವಾಗಿವೆ, ಕಾಲು ತಾಗದ ಕಡೆ ಇಂದಿಗೂ ಉಳಿ ಓಡಿದ ಅಂಚು ಕಾಣುತ್ತದೆ. ಗೋಡೆಯ ಫಲಕವನ್ನು ಸವೆಸುವುದು ಪಾಲಿಶ್ ಬಟ್ಟೆ. ಆಳ ಇದ್ದರೆ ಅದನ್ನೂ ತಾಳುತ್ತದೆ.

ಅಕ್ಷರ

ಒಬ್ಬರು ಒಂದು ಮೀಟರ್ ದೂರದಲ್ಲಿ ನಿಂತು ಓದುವ ಫಲಕದಲ್ಲಿ ಅಕ್ಷರದ ಎತ್ತರ 6 ಮಿ.ಮೀ.ಗೆ ಇಳಿಯಬಾರದು, ಎರಡು ಮೀಟರಿಗೆ ಅದರ ಎರಡರಷ್ಟು. ಕನ್ನಡಕ್ಕೆ ಇದಕ್ಕಿಂತ ಧಾರಾಳವಾಗಿರುವುದೇ ಒಳ್ಳೆಯದು, ಏಕೆಂದರೆ ಮುಖ್ಯ ಅಕ್ಷರ 6 ಮಿ.ಮೀ. ಇದ್ದಾಗ ಅದರ ಕೆಳಗಿನ ಒತ್ತು ಅರ್ಧಕ್ಕಿಂತ ಸ್ವಲ್ಪ ಹೆಚ್ಚಿರುತ್ತದೆ, ಅಷ್ಟೇ. ಸಾಲುಗಳ ನಡುವಿನ ಅಂತರವನ್ನು ಇಂಗ್ಲಿಷ್ ಲೆಕ್ಕದಲ್ಲಿ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಬಂದು ತಾಗುತ್ತದೆ. ಯಂತ್ರ ಎರಡನ್ನೂ ಒಂದೇ ಗೆರೆಯಂತೆ ಕೊರೆದುಬಿಡುತ್ತದೆ. ಅಂತರವನ್ನು ನೀವೇ ಹೇಳಿ ಹೆಚ್ಚಿಸಿ.

ಎಳೆಯ ದಪ್ಪ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಮ ಇರುವ ಅಕ್ಷರವಿನ್ಯಾಸ ಆರಿಸಿ. ಕಾಗದದ ಮೇಲೆ ಸೊಗಸಾಗಿ ಕಾಣುವ ತೆಳು ಎಳೆ ಲೋಹದಲ್ಲಿ ಕಾಣುವುದೇ ಇಲ್ಲ. ಒಂದು ಫಲಕಕ್ಕೆ ಒಂದೇ ವಿನ್ಯಾಸ, ಎರಡು ಗಾತ್ರ, ಅದಕ್ಕಿಂತ ಹೆಚ್ಚು ಬೇಕಾಗುವುದು ಬಹಳ ಅಪರೂಪ. ಸುತ್ತ ಅಂಚು ಧಾರಾಳವಾಗಿ ಬಿಡಿ, ತಿರುಪು ಕೂರುವ ಮೂಲೆಗಳ ಹತ್ತಿರ ಅಕ್ಷರ ಬರದಿರಲಿ.

ಹೊಳೆಯುವ ಹಿತ್ತಾಳೆ ಕನ್ನಡಿಯಂತೆ ಬೆಳಕನ್ನು ಕಣ್ಣಿಗೇ ಎಸೆಯುತ್ತದೆ. ಬಿಸಿಲು ಬೀಳುವ ಗೋಡೆಗೆ ನವಿರು ಗೆರೆಗಳ ಮಂಕು ಮೇಲ್ಮೈ ಮಾಡಿಸಿ, ಅಕ್ಷರಗಳೊಳಗೆ ಕಪ್ಪು ಎನಾಮಲ್ ತುಂಬಿಸಿ. ಮಂಕು ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ ಇಳಿವಯಸ್ಸಿನ ಕಣ್ಣಿಗೂ ಓದಲು ಸಿಗುತ್ತದೆ. ದೃಷ್ಟಿ ಇಲ್ಲದವರಿಗಾಗಿ ಕೆಳಗೆ ಬ್ರೈಲ್ ಸಾಲು ಸೇರಿಸುವುದಾದರೆ, ಆ ಲಿಪಿ ಬಲ್ಲವರು ಬೆರಳಿಟ್ಟು ಓದಿ ಒಪ್ಪಿದ ಮಾದರಿಯನ್ನೇ ಮಾಡಿಸಿ.

ಕರಡು ತಿದ್ದುವುದು

ಒಕ್ಕಣೆಯನ್ನು ಕಾಗದದಲ್ಲಿ ಕೊಟ್ಟು ಅಂಗಡಿಯಲ್ಲಿ ಮತ್ತೆ ಟೈಪ್ ಮಾಡಿಸಬೇಡಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಕಡತವನ್ನೇ ಕಳಿಸಿ. ಕೆತ್ತನೆಯ ತಂತ್ರಾಂಶಗಳಲ್ಲಿ ಕೆಲವಕ್ಕೆ ಕನ್ನಡದ ಒತ್ತಕ್ಷರ ಕೂಡಿಸಲು ಬರುವುದಿಲ್ಲ; ಒತ್ತು ಪಕ್ಕಕ್ಕೆ ಜಿಗಿಯುತ್ತದೆ, ಅರ್ಕಾವೊತ್ತು ಬೇರೆ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಹಳೆಯ ಫಾಂಟಿಗೆ ಪರಿವರ್ತಿಸುವಾಗಲೂ ಇದೇ ಅಪಾಯ. ಆದ್ದರಿಂದ ವಿನ್ಯಾಸಕಾರರು ಅಕ್ಷರಗಳನ್ನು ರೇಖಾರೂಪಕ್ಕೆ ಬದಲಾಯಿಸಿದ ಮೇಲೆ, ಆ ರೂಪದಿಂದಲೇ ಪ್ರಿಂಟ್ ತೆಗೆಸಿ ತಿದ್ದಿ. ಅದಕ್ಕೆ ಮೊದಲು ತಿದ್ದಿದ್ದು ಲೆಕ್ಕಕ್ಕಿಲ್ಲ.

ತಿದ್ದುವ ಕ್ರಮ ಹೀಗಿರಲಿ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕರಡಿನ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ನೋಡಲಿ. ಆಮೇಲೆ ಕೊನೆಯ ಪದದಿಂದ ಹಿಂದಕ್ಕೆ ಓದಿ. ಅರ್ಥ ಕೈಬಿಟ್ಟಾಗ ಕಣ್ಣು ಕಾಗುಣಿತದ ಮೇಲೆ ನಿಲ್ಲುತ್ತದೆ. ಮಹಾಪ್ರಾಣದ ಪುಟ್ಟ ಸೀಳನ್ನು ಬೇರೆಯಾಗಿಯೇ ಒಂದು ಸುತ್ತು ನೋಡಿ. ‘ಧನಸಹಾಯ’ದ ಆ ಸೀಳು ಬಿಟ್ಟುಹೋದರೆ ದಾನ ಕೊಟ್ಟವರಿಗೆ ಲೋಹದಲ್ಲೇ ಅವಮಾನ ಮಾಡಿದಂತೆ. ಇಸವಿಗಳನ್ನು ದಾಖಲೆಯ ಎದುರಿಗಿಟ್ಟು ನೋಡಿ. ಹೆಸರುಗಳನ್ನು ಆಯಾ ವ್ಯಕ್ತಿಗಳಿಗೇ ಕಳಿಸಿ ಒಪ್ಪಿಗೆ ಪಡೆಯಿರಿ. ಕೊನೆಗೆ, ಈ ಯೋಜನೆಯ ಬಗ್ಗೆ ಏನೂ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಅವರಿಗೆ ಅರ್ಥವಾಗದ ಸಾಲು ಮುಂದೆ ಯಾರಿಗೂ ಅರ್ಥವಾಗುವುದಿಲ್ಲ.

ನಿಜ ಗಾತ್ರದ ಕಾಗದದ ಪ್ರತಿಯನ್ನು ಅದೇ ಗೋಡೆಗೆ, ಅದೇ ಎತ್ತರಕ್ಕೆ ಅಂಟಿಸಿ ಎರಡು ದಿನ ಬಿಡಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ. ಎಲ್ಲ ಪರೀಕ್ಷೆಗಳಿಗಿಂತ ಇದು ಅಗ್ಗ, ಎಲ್ಲಕ್ಕಿಂತ ಹೆಚ್ಚು ಹೇಳುವುದೂ ಇದೇ. ಗಾತ್ರ ಸಾಲದು, ಜಾಗ ಸರಿಯಿಲ್ಲ ಎನ್ನುವುದು ಆಗಲೇ ಗೊತ್ತಾಗಲಿ. ಎಲ್ಲ ಒಪ್ಪಿಗೆಯಾದ ಮೇಲೆ ಹೊಣೆ ಹೊತ್ತವರು ಕರಡಿನ ಮೇಲೆ ಸಹಿ ಮಾಡಿ, ದಿನಾಂಕ ಹಾಕಿ ಕೆತ್ತುವವರಿಗೆ ಕೊಡಲಿ. ಆಮೇಲೆ ಯಾರೇ ಕೇಳಿದರೂ ಒಂದು ಪದವೂ ಸೇರುವುದಿಲ್ಲ.

ಗೋಡೆಗೆ ಕೂರಿಸುವುದು

ಕಟ್ಟಡದ ಬೇರೆಲ್ಲ ಕೆಲಸ ಮುಗಿದ ಮೇಲೆಯೇ ಫಲಕ ಬರಲಿ. ಹೊಸ ಕಲ್ಲು, ಟೈಲ್ಸ್ ಮೇಲಿನ ಸಿಮೆಂಟ್ ಕಲೆ ತೆಗೆಯಲು ಬಳಸುವ ಆ್ಯಸಿಡ್ ಸಿಡಿದರೆ ಹಿತ್ತಾಳೆಯ ಮೇಲ್ಮೈ ಹಾಳಾಗುತ್ತದೆ. ಹಸಿ ಗಾರೆ, ಹಸಿ ಸುಣ್ಣ ತಾಗಿದರೂ ಕಲೆ ನಿಲ್ಲುತ್ತದೆ.

ಕೂರಿಸಲು ಎರಡು ದಾರಿ. ಒಂದು, ಫಲಕದ ಮೂಲೆಗಳಲ್ಲಿ ತೂತಿಟ್ಟು ಮುಂದಿನಿಂದ ತಿರುಪು ಬಿಗಿಯುವುದು. ಮುಂದೆ ಬಿಚ್ಚಿ ದುರಸ್ತಿ ಮಾಡುವುದು ಸುಲಭ, ಆದರೆ ತಿರುಪಿನ ತಲೆ ಕಾಣುತ್ತದೆ, ಕಳ್ಳರಿಗೂ ಕಾಣುತ್ತದೆ. ಇನ್ನೊಂದು, ಬೆನ್ನಿಗೆ ಮರೆಯ ಸ್ಟಡ್‌ಗಳನ್ನು, ಅಂದರೆ ಲೋಹದ ಪುಟ್ಟ ಗೂಟಗಳನ್ನು, ಕೂರಿಸಿ ಗೋಡೆಯ ತೂತುಗಳಲ್ಲಿ ಎಪಾಕ್ಸಿ ಅಂಟಿನಿಂದ ಭದ್ರಪಡಿಸುವುದು. ಹೊರಗಿನ ಫಲಕಕ್ಕೆ ನನ್ನ ಆಯ್ಕೆ ಈ ಎರಡನೆಯದು. ಹಳೆಯ ಹಿತ್ತಾಳೆಗೆ ಗುಜರಿಯಲ್ಲಿ ಬೆಲೆ ಇದೆ, ಹಾಗಾಗಿ ಬಯಲಿನ ಫಲಕಗಳು ಕಳುವಾಗುತ್ತವೆ. ತಿರುಪೇ ಬೇಕೆಂದರೆ ಬಿಗಿಯಲು ಮಾತ್ರ ಬರುವ, ಬಿಚ್ಚಲು ಬಾರದ ತಲೆಯವು ಸಿಗುತ್ತವೆ.

ತಿರುಪು, ಸ್ಟಡ್ ಎರಡೂ ಹಿತ್ತಾಳೆಯದೋ ಸ್ಟೇನ್‌ಲೆಸ್ ಸ್ಟೀಲಿನದೋ ಆಗಿರಬೇಕು. ಸಾದಾ ಕಬ್ಬಿಣದ ತಿರುಪು ಹಿತ್ತಾಳೆಯ ಜೊತೆ ಒದ್ದೆಯಾದರೆ ಬೇಗ ತುಕ್ಕು ಹಿಡಿದು, ಕೆಂಪು ನೀರು ಗೋಡೆಗೆ ಇಳಿಯುತ್ತದೆ. ಅಲ್ಯೂಮಿನಿಯಂ ಚೌಕಟ್ಟಿಗೆ ಹಿತ್ತಾಳೆಯನ್ನು ನೇರವಾಗಿ ತಾಗಿಸಿದರೂ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಸಂದು ಮುಚ್ಚಲು ಸೀಲಂಟ್ ಬಳಸುವುದಿದ್ದರೆ ವಿನೆಗರ್ ವಾಸನೆಯ ಸಿಲಿಕೋನ್ ಬೇಡ. ಅದರಿಂದ ಹೊರಡುವ ಅಸಿಟಿಕ್ ಆಮ್ಲ ಹಿತ್ತಾಳೆಗೆ ಕಿಲುಬು ಹಿಡಿಸುತ್ತದೆ. ‘ನ್ಯೂಟ್ರಲ್’ ಎಂದು ಬರೆದಿರುವುದನ್ನೇ ಕೊಳ್ಳಿ.

ಕೆತ್ತುವವರಿಂದ ಫಲಕದ ಜೊತೆಗೆ ತೂತುಗಳ ಕಾಗದದ ಅಚ್ಚನ್ನೂ ಕೇಳಿ ಪಡೆಯಿರಿ. ಅದನ್ನು ಗೋಡೆಗೆ ಅಂಟಿಸಿ, ರಸಮಟ್ಟ ಇಟ್ಟು ನೋಡಿ, ಆಮೇಲೆ ಡ್ರಿಲ್ ಹಿಡಿಯಿರಿ. ಫಲಕದ ಮಧ್ಯಭಾಗ ನೆಲದಿಂದ 1.2 ರಿಂದ 1.5 ಮೀಟರ್ ನಡುವೆ ಬಂದರೆ ನಿಂತವರಿಗೂ ಗಾಲಿಕುರ್ಚಿಯಲ್ಲಿ ಕೂತವರಿಗೂ ಓದಲು ಸಿಗುತ್ತದೆ. ಹಳೆಯ ಕಲ್ಲುಗೋಡೆಯಾದರೆ ಕಲ್ಲನ್ನು ಕೊರೆಯದೆ ಸಂದಿನ ಗಾರೆಯಲ್ಲಿ ಕೊರೆಯಿರಿ, ಗಾರೆಯನ್ನು ಮುಂದೆ ಮುಚ್ಚಬಹುದು.

ಫಲಕ ಗೋಡೆಗೆ ಪೂರಾ ಅಂಟಿ ಕೂರದಿರಲಿ. ಹಿಂದೆ 5 ಮಿ.ಮೀ. ಅಂತರ ಬರುವಂತೆ ಬಿಲ್ಲೆಗಳನ್ನಿಟ್ಟರೆ ಗಾಳಿಯಾಡಿ ನೀರು ಆರುತ್ತದೆ. ಬಿಸಿಲು ಚಳಿಗಳ ನಡುವೆ ತಾಪ 40 ಡಿಗ್ರಿ ಬದಲಾದರೆ 600 ಮಿ.ಮೀ. ಉದ್ದದ ಹಿತ್ತಾಳೆ ಸುಮಾರು ಅರ್ಧ ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ತಿರುಪಿನ ತೂತುಗಳು ಅಷ್ಟು ಸಡಿಲ ಇರಲಿ. ಗೋಡೆ ಡೊಂಕಿದ್ದರೆ ಬಿಲ್ಲೆಗಳನ್ನು ಹೆಚ್ಚುಕಡಿಮೆ ಮಾಡಿ ಸರಿಹೊಂದಿಸಿ. ತಿರುಪು ಬಿಗಿದು ಫಲಕವನ್ನೇ ಗೋಡೆಗೆ ಬಗ್ಗಿಸಬೇಡಿ. ಹಿತ್ತಾಳೆ ಬಿಗುವಿನಲ್ಲಿದ್ದು ಅಮೋನಿಯಾ ತಾಗಿದರೆ ಸೀಳುತ್ತದೆ. ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಕುದುರೆ ಲಾಯಗಳಲ್ಲಿ ಮಳೆಗಾಲಕ್ಕೆ ಇಟ್ಟಿದ್ದ ಹಿತ್ತಾಳೆಯ ತೋಟಾಗಳು ತಮ್ಮಷ್ಟಕ್ಕೆ ಬಿರಿಯುತ್ತಿದ್ದುದು ಇದರಿಂದಲೇ. ಕುದುರೆ ಮೂತ್ರದ ಅಮೋನಿಯಾ ಇದಕ್ಕೆ ಕಾರಣವೆಂದು 1921ರಲ್ಲಿ ವಿಜ್ಞಾನಿಗಳು ವಿವರಿಸಿದರು.

ಬಿಳಿ ಅಮೃತಶಿಲೆ, ಸುಣ್ಣಕಲ್ಲುಗಳ ಮೇಲೆ ಇನ್ನೊಂದು ತೊಂದರೆ: ಹಿತ್ತಾಳೆಯಿಂದ ಇಳಿಯುವ ನೀರಿನಲ್ಲಿ ತಾಮ್ರದ ಲವಣ ಇರುತ್ತದೆ, ಕಲ್ಲಿಗೆ ಹಸಿರು ಗೆರೆ ಬೀಳುತ್ತದೆ. ಸೂರಿನಡಿಯ ಜಾಗ ಹುಡುಕಿ, ಇಲ್ಲವೇ ಫಲಕದ ಹಿಂದೆ ಗಟ್ಟಿ ಮರದ ಅಥವಾ ಕಪ್ಪು ಕಲ್ಲಿನ ಹಲಗೆ ಕೊಡಿ.

ಹೊಳಪೋ, ಕಿಲುಬೋ

ಹಿತ್ತಾಳೆ ಗಾಳಿಗೆ ಕಂದುತ್ತದೆ. ಅದನ್ನು ಏನು ಮಾಡುತ್ತೀರಿ ಎಂಬುದನ್ನು ಫಲಕ ಮಾಡಿಸುವಾಗಲೇ ತೀರ್ಮಾನಿಸಿ, ಏಕೆಂದರೆ ಮೂರು ದಾರಿಗಳಿವೆ, ಒಂದರಿಂದ ಇನ್ನೊಂದಕ್ಕೆ ಹಾರುವುದು ಕಷ್ಟ.

ಮೊದಲನೆಯದು ಲ್ಯಾಕರ್. 1960ರ ದಶಕದಲ್ಲಿ ತಾಮ್ರದ ಮಿಶ್ರಲೋಹಗಳಿಗೆಂದೇ ರೂಪಿಸಿದ ಇನ್‌ಕ್ರಲಾಕ್ ಎಂಬ ಪಾರದರ್ಶಕ ಲೇಪ ಇಂದಿಗೂ ಬಳಕೆಯಲ್ಲಿದೆ. ಯಾವ ಲ್ಯಾಕರ್ ಆದರೂ ಬಯಲಿನಲ್ಲಿ ಕೆಲವೇ ವರ್ಷ. ಒಂದು ಕಡೆ ಗೀರು ಬಿದ್ದರೆ ಅಲ್ಲಿಂದ ತೇವ ಒಳಹೊಕ್ಕು ಪದರದ ಕೆಳಗೆ ಕಪ್ಪು ಜೇಡರ ಬಲೆಯಂತೆ ಹರಡುತ್ತದೆ. ಆಗ ಅಲ್ಲಲ್ಲಿ ತೇಪೆ ಹಾಕಲು ಬರುವುದಿಲ್ಲ. ಪೂರ್ತಿ ತೆಗೆದು, ಪಾಲಿಶ್ ಮಾಡಿ, ಹೊಸದಾಗಿ ಬಳಿಯಬೇಕು. ಲ್ಯಾಕರ್ ಇರುವ ಫಲಕವನ್ನು ಒದ್ದೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಅಷ್ಟೇ. ಲೋಹದ ಪಾಲಿಶ್ ಹಚ್ಚಿದರೆ ಪದರ ಕಿತ್ತುಬರುತ್ತದೆ.

ಎರಡನೆಯದು ಮೇಣ. ವರ್ಷಕ್ಕೆ ಎರಡು ಮೂರು ಸಲ ತೆಳುವಾಗಿ ಮೈಕ್ರೋಕ್ರಿಸ್ಟಲೈನ್ ಮೇಣ ಹಚ್ಚಿ ಉಜ್ಜುವುದು. ಇದನ್ನು ತಪ್ಪದೆ ಮಾಡುವವರಿದ್ದರೆ ಇದೇ ಒಳ್ಳೆಯದು. ಮೂರನೆಯದು ಸುಮ್ಮನೆ ಬಿಡುವುದು. ಹಿತ್ತಾಳೆ ಜೇನುಬಣ್ಣಕ್ಕೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಅಕ್ಷರ ಆಳವಿದ್ದರೆ ಓದಲು ತೊಂದರೆಯಿಲ್ಲ. ನೋಡಿಕೊಳ್ಳುವವರಿಲ್ಲದ ಕಡೆ ಪ್ರಾಮಾಣಿಕ ಆಯ್ಕೆ ಇದು.

ಹೊಳಪೇ ಬೇಕು, ಲ್ಯಾಕರ್ ಬೇಡ ಎನ್ನುವವರು ಪಾಲಿಶ್ ಮಾಡುತ್ತಲೇ ಇರಬೇಕು. ಅಮೋನಿಯಾ ಇರುವ ಕ್ಲೀನರ್ ಬೇಡ. ಹುಳಿ ಹಚ್ಚಿ ಉಜ್ಜಿದರೆ ಬೇಗ ಬೆಳಗುವುದು ನಿಜ, ಆದರೆ ಆಮ್ಲ ಮೇಲ್ಮೈಯ ಸತುವನ್ನೂ ಒಯ್ಯುತ್ತದೆ, ಲೋಹ ಗುಲಾಬಿ ಛಾಯೆಗೆ ತಿರುಗುತ್ತದೆ. ಅಕ್ಷರದ ಸಂದಿಯಲ್ಲಿ ಉಳಿದ ಹುಳಿ ಹಸಿರು ಕಿಲುಬಾಗುತ್ತದೆ. ಪಾಲಿಶ್ ಹಚ್ಚುವ ಮೊದಲು ಫಲಕದ ಆಕಾರಕ್ಕೆ ಕತ್ತರಿಸಿದ ರಟ್ಟಿನ ಚೌಕಟ್ಟನ್ನು ಸುತ್ತ ಹಿಡಿಯಿರಿ, ಇಲ್ಲದಿದ್ದರೆ ಗೋಡೆಯ ಮೇಲೆ ಫಲಕದ ಸುತ್ತ ಬೂದುಗಪ್ಪು ಕಲೆ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತದೆ. ಅಕ್ಷರದೊಳಗೆ ನಿಂತ ಬಿಳಿ ಪುಡಿಯನ್ನು ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಎನಾಮಲ್ ಕಿತ್ತುಹೋದ ಕಡೆ ಬಣ್ಣ ತುಂಬಿ, ಒಣಗಿದ ಮೇಲೆ ಮೇಲ್ಮೈಯನ್ನಷ್ಟೇ ನವಿರಾಗಿ ಉಜ್ಜಬಹುದು.

ಕಡತ

ಫಲಕ ಕೂರಿಸಿದ ದಿನವೇ ಅದರ ಫೋಟೋ, ಅಳತೆ, ದಪ್ಪ, ಲೋಹ, ಲೇಪದ ಹೆಸರು, ಕೆತ್ತನೆಯ ಮೂಲ ಕಡತ, ಸಹಿ ಮಾಡಿದ ಕರಡು, ಗೋಡೆಯ ಅನುಮತಿ ಪತ್ರ ಇಷ್ಟನ್ನೂ ಒಂದು ಲಕೋಟೆಯಲ್ಲಿ ಹಾಕಿ ಕಟ್ಟಡದ ದಾಖಲೆಗಳ ಜೊತೆ ಇಡಿ. ಇನ್ನೊಂದು ಪ್ರತಿ ಬೇರೆ ಜಾಗದಲ್ಲಿರಲಿ. ಕಳುವಾದರೆ ಪೊಲೀಸರಿಗೆ ಕೊಡಲು, ಗೋಡೆ ಬಿದ್ದರೆ ಮತ್ತೆ ಮಾಡಿಸಲು ಇದು ಬೇಕಾಗುತ್ತದೆ. ಕಟ್ಟಡವನ್ನೇ ಕೆಡವುವ ಕಾಲ ಬಂದರೆ ಫಲಕ ಯಾರಿಗೆ ಸೇರಬೇಕು ಎಂದೂ ಅದರಲ್ಲಿ ಒಂದು ಸಾಲು ಬರೆದಿಡಿ.

ಇಷ್ಟೆಲ್ಲ ನೋಡಿಯೂ ಒಂದು ತಪ್ಪು ಉಳಿದು, ಅದು ಆಮೇಲೆ ಕಂಡರೆ, ಆ ಅಕ್ಷರವನ್ನು ಕೊರೆದು ತೇಪೆ ಹಾಕಿಸಲು ಹೋಗಬೇಡಿ. ತೇಪೆ ದೂರಕ್ಕೇ ಕಾಣುತ್ತದೆ. ಹೆಸರಿನಲ್ಲೋ ಇಸವಿಯಲ್ಲೋ ತಪ್ಪಾಗಿದ್ದರೆ ಹೊಸ ಫಲಕವನ್ನೇ ಮಾಡಿಸಿ. ಹಳೆಯದನ್ನು ತಿರುವಿದರೆ ಅದರ ಬೆನ್ನಿನ ಮೇಲೂ ಕೆತ್ತಬಹುದು, ತಗಡಿನ ಖರ್ಚು ಉಳಿಯುತ್ತದೆ. ಹಾಗೆ ಮಾಡಿಸುವ ಮೊದಲು ದಪ್ಪ 3 ಮಿ.ಮೀ. ಇದೆಯೇ, ಮರೆಯ ಸ್ಟಡ್‌ಗಳಿದ್ದರೆ ಅವನ್ನು ತೆಗೆದ ಗುರುತು ಹೊಸ ಅಕ್ಷರಗಳ ನಡುವೆ ಬರುತ್ತದೆಯೇ ಎಂದು ಕೆತ್ತುವವರನ್ನು ಕೇಳಿಕೊಳ್ಳಿ.